ಮಿಲ್ಲು, ಮಂಡಿ, ಸಾಫ್ಟ್‌ವೇರ್: ಓದುಗರ ಪ್ರಶ್ನೆಗಳಿಗೆ ಉತ್ತರ

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆಯಿಂದ ಈ ಸಲ ಪತ್ರಗಳು ಜಾಸ್ತಿ ಬಂದಿವೆ. ಬರೆದವರಲ್ಲಿ ಹೆಚ್ಚಿನವರು ಒಂಟಿಯಾಗಿ ಕೆಲಸ ಮಾಡುವ ಡೆವಲಪರ್‌ಗಳು. ಒಂದು ಮಿಲ್ಲಿನದೋ ಮಂಡಿಯದೋ ಸಾಫ್ಟ್‌ವೇರ್ ನೋಡಿಕೊಳ್ಳುವವರು. ಅನುಮಾನ ಬಂದರೆ ಕೇಳೋಕೆ ಪಕ್ಕದ ಕುರ್ಚಿಯಲ್ಲಿ ಇನ್ನೊಬ್ಬರು ಇರುವುದಿಲ್ಲ. ನಾನೂ ತುಮಕೂರಿನಲ್ಲಿ ಇದೇ ಕೆಲಸ ಮಾಡುವವಳು. ಹಾಗಾಗಿ ಕೆಲವು ಉತ್ತರಗಳನ್ನು ಬಿಡಿಸಿ, ಉದ್ದವಾಗಿಯೇ ಬರೆದಿದ್ದೇನೆ.

ಪ್ರಶ್ನೆ: ಮೇಡಂ, ತುಮಕೂರಿನ ಅಂತರಸನಹಳ್ಳಿ ಕಡೆ ಒಂದು ಅಕ್ಕಿ ಮಿಲ್ಲಿಗೆ ಹೊಸದಾಗಿ ಸೇರಿದ್ದೇನೆ. ಇಲ್ಲಿ ಬಿಲ್, ಸ್ಟಾಕ್, ಲೆಕ್ಕ ನೋಡಿಕೊಳ್ಳುವ ಇಆರ್‌ಪಿನೆಕ್ಸ್ಟ್ ಸಾಫ್ಟ್‌ವೇರ್ ಇದೆ. ನನಗಿಂತ ಮುಂಚೆ ಇದ್ದವರು ಸೇಲ್ಸ್ ಇನ್‌ವಾಯ್ಸ್‌ನ ಪೈಥಾನ್ ಫೈಲ್ ಒಳಗೇ ಕೋಡ್ ಸೇರಿಸಿದ್ದಾರೆ. 25 ಕಿಲೋ ಮೂಟೆಗೆ ತೆರಿಗೆ ಇದೆ, 26 ಕಿಲೋ ಮೂಟೆಗೆ ಇಲ್ಲ ಅನ್ನುವ ಲೆಕ್ಕವೂ ಅಲ್ಲೇ ಇದೆ. ಈಗ ಅಪ್‌ಡೇಟ್ ಕೊಟ್ಟರೆ ಅರ್ಧಕ್ಕೇ ನಿಲ್ಲುತ್ತದೆ. ರೀಸೆಟ್ ಕೊಟ್ಟು ಮುಂದೆ ಹೋಗಲಾ?

ರೀಸೆಟ್ ಕೊಡಬೇಡಿ. ಇವತ್ತಂತೂ ಬೇಡವೇ ಬೇಡ. ಮೂಲ ಫೈಲ್‌ನಲ್ಲಿ ಯಾರೋ ಕೈಯಾಡಿಸಿದ್ದು ಕಂಡಾಗ ಬೆಂಚ್ ಅಪ್‌ಡೇಟ್ (ಬೆಂಚ್ ಅಂದರೆ ಇಆರ್‌ಪಿನೆಕ್ಸ್ಟ್ ಹಾಕೋಕೆ, ನಡೆಸೋಕೆ ಇರುವ ಉಪಕರಣ) ತಾನಾಗಿ ನಿಲ್ಲುತ್ತದೆ. ಅದು ನಿಮ್ಮ ಒಳ್ಳೆಯದಕ್ಕೇ. ರೀಸೆಟ್ ಕೊಟ್ಟರೆ ಹಿಂದಿನವರು ಬರೆದದ್ದೆಲ್ಲ ಅಳಿಸಿಹೋಗುತ್ತದೆ, ಮತ್ತೆ ಸಿಗುವುದಿಲ್ಲ. ಮಾರನೇ ದಿನ ಬೆಳಿಗ್ಗೆ ಲಾರಿ ಬಂದು ನಿಂತಾಗ ಬಿಲ್ ತಪ್ಪು ಬರುತ್ತದೆ. ಏನು ತಪ್ಪಿತು ಅಂತ ಹೇಳೋಕೆ ನಿಮ್ಮ ಹತ್ತಿರ ಒಂದು ಸಾಲೂ ಉಳಿದಿರುವುದಿಲ್ಲ.

ಮೊದಲು ಇಆರ್‌ಪಿನೆಕ್ಸ್ಟ್ ಫೋಲ್ಡರ್ ಒಳಗೆ ಗಿಟ್ ಸ್ಟೇಟಸ್ ನೋಡಿ. ಗಿಟ್ ಅಂದರೆ ಕೋಡ್‌ನ ಬದಲಾವಣೆಗಳ ದಾಖಲೆ ಇಡುವ ಉಪಕರಣ, ಯಾವ ಫೈಲ್ ಬದಲಾಗಿದೆ ಅಂತ ಸ್ಟೇಟಸ್ ಹೇಳುತ್ತದೆ. ಆಮೇಲೆ ಬದಲಾದ ಸಾಲುಗಳನ್ನು ತೋರಿಸುವ ಗಿಟ್ ಡಿಫ್ ತೆಗೆದು ಒಂದು ಫೈಲ್‌ಗೆ ಉಳಿಸಿ, ಆ ಫೈಲ್‌ನ ಒಂದು ಪ್ರತಿಯನ್ನು ಬೇರೆ ಕಂಪ್ಯೂಟರ್‌ನಲ್ಲೂ ಇಡಿ. ಕೆಲವರು ಬದಲಾವಣೆಯನ್ನು ಕಮಿಟ್ ಕೂಡ ಮಾಡಿ, ಅಂದರೆ ಗಿಟ್ ದಾಖಲೆಗೇ ಸೇರಿಸಿಬಿಟ್ಟಿರುತ್ತಾರೆ. ಆಗ ಸ್ಟೇಟಸ್‌ನಲ್ಲಿ ಏನೂ ಕಾಣುವುದಿಲ್ಲ. ಮೂಲ ರೆಪೊಸಿಟರಿಯ ಅದೇ ಆವೃತ್ತಿಯ ಜೊತೆ ಹೋಲಿಸಿದರೆ ಮಾತ್ರ ಸಿಗುತ್ತದೆ. ಇಆರ್‌ಪಿನೆಕ್ಸ್ಟ್‌ಗೆ ತಳಹದಿಯಾದ ಫ್ರಾಪೆಯ ಫೋಲ್ಡರ್ ಒಳಗೂ ಹೀಗೇ ನೋಡಿ. ಅಲ್ಲೂ ಒಂದೆರಡು ಕಡೆ ತಿದ್ದಿರುವ ಸಾಧ್ಯತೆ ಉಂಟು.

ಈ ಡಿಫ್ ಅನ್ನು ಪ್ರಿಂಟ್ ತೆಗೆದುಕೊಂಡು ಲೆಕ್ಕ ಬರೆಯುವವರ ಜೊತೆ ಕೂತುಕೊಳ್ಳಿ. ಒಂದೊಂದು ಬದಲಾವಣೆಗೂ "ಇದು ಈಗಲೂ ಬೇಕಾ?" ಅಂತ ಕೇಳಿ. ಎಷ್ಟೋ ಸಲ ಅರ್ಧ ಕೋಡ್ ಯಾರಿಗೂ ಬೇಡವಾಗಿರುತ್ತದೆ. ಬೇಕಾದ್ದಕ್ಕೆ ಮಾತ್ರ ನಿಮ್ಮದೇ ಒಂದು ಹೊಸ ಆ್ಯಪ್ ಮಾಡಿ. ಬೆಂಚ್ ನ್ಯೂ ಆ್ಯಪ್ ಕೊಟ್ಟರೆ ಖಾಲಿ ಆ್ಯಪ್ ಸಿಗುತ್ತದೆ. ಅದರ ಹುಕ್ಸ್ ಫೈಲ್‌ನಲ್ಲಿ ಡಾಕ್ ಈವೆಂಟ್ಸ್ ಅಂತ ಇದೆ. ಸೇಲ್ಸ್ ಇನ್‌ವಾಯ್ಸ್ ವ್ಯಾಲಿಡೇಟ್ ಆಗುವಾಗ (ಉಳಿಸುವ ಮುಂಚಿನ ಪರಿಶೀಲನೆ), ಸಬ್ಮಿಟ್ ಆಗುವಾಗ (ಬಿಲ್ ಅಂತಿಮವಾಗುವುದು) ನಿಮ್ಮ ಫಂಕ್ಷನ್ ಕರೆಯಬೇಕು ಅಂತ ಅಲ್ಲಿ ಬರೆದರೆ ಸಾಕು. ಕ್ಲಾಸ್ ಪೂರ್ತಿ ಬದಲಿಸುವ ಓವರ್‌ರೈಡ್ ಕೂಡ ಇದೆ. ಬೇರೆ ದಾರಿಯೇ ಇಲ್ಲದಾಗ ಮಾತ್ರ ಅದನ್ನು ಹಿಡಿಯಿರಿ. ಎರಡು ಆ್ಯಪ್ ಒಂದೇ ಕ್ಲಾಸನ್ನು ಓವರ್‌ರೈಡ್ ಮಾಡಿದರೆ ಒಂದರದ್ದೇ ನಡೆಯುತ್ತದೆ.

ಹೊಸ ಫೀಲ್ಡ್‌ಗಳನ್ನು ಫಿಕ್ಸ್ಚರ್ ಆಗಿ, ಅಂದರೆ ಆ್ಯಪ್ ಜೊತೆಗೇ ಹೋಗುವ ಫೈಲ್ ಆಗಿ, ಎಕ್ಸ್‌ಪೋರ್ಟ್ ಮಾಡುವಾಗ ಒಂದು ಎಚ್ಚರಿಕೆ. ಫಿಲ್ಟರ್ ಹಾಕದೆ ಕಸ್ಟಮ್ ಫೀಲ್ಡ್ ಎಕ್ಸ್‌ಪೋರ್ಟ್ ಮಾಡಿದರೆ ಸೈಟ್‌ನಲ್ಲಿರುವ ಎಲ್ಲವೂ ನಿಮ್ಮ ಆ್ಯಪ್ ಒಳಗೆ ಬಂದು ಕೂರುತ್ತವೆ. ಜಿಎಸ್‌ಟಿಗೆ ಹಾಕಿರುವ ಇಂಡಿಯಾ ಕಂಪ್ಲಯನ್ಸ್ ಆ್ಯಪ್‌ನ ಫೀಲ್ಡ್‌ಗಳೂ ಬರುತ್ತವೆ. ಮುಂದೆ ಆ ಆ್ಯಪ್ ತನ್ನ ಫೀಲ್ಡ್ ಬದಲಿಸಿದಾಗ, ನಿಮ್ಮಲ್ಲಿರುವ ಹಳೇ ನಕಲು, ಅಪ್‌ಡೇಟ್ ಜೊತೆ ನಡೆಯುವ ಪ್ರತಿ ಮೈಗ್ರೇಟ್‌ನಲ್ಲೂ ಅದರ ಮೇಲೆ ಕೂರುತ್ತದೆ. ಫೀಲ್ಡ್ ಮಾಡುವಾಗಲೇ ನಿಮ್ಮ ಮಾಡ್ಯೂಲ್ ಹೆಸರು ಕೊಟ್ಟು, ಅದರಲ್ಲೇ ಫಿಲ್ಟರ್ ಮಾಡಿ.

ಈಗ 26 ಕಿಲೋ ವಿಷಯ. 2022ರ ಜುಲೈ 18ರಿಂದ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ, 25 ಕಿಲೋ ಮತ್ತು ಅದಕ್ಕಿಂತ ಕಡಿಮೆ ತೂಕದ ಅಕ್ಕಿಗೆ 5 ಪರ್ಸೆಂಟ್ ಜಿಎಸ್‌ಟಿ ಬಂತು. ಅದಕ್ಕೇ ಮಾರುಕಟ್ಟೆಯಲ್ಲಿ 26 ಕಿಲೋ ಮೂಟೆ ಕಾಣಿಸಿಕೊಂಡಿದ್ದು. ಇದು ಸರ್ಕಾರ ಯಾವಾಗ ಬೇಕಾದರೂ ಬದಲಿಸುವ ನಿಯಮ. ಇಂಥದ್ದಕ್ಕೆ ಕೋಡ್‌ನಲ್ಲಿ ಜಾಗ ಕೊಡಬಾರದು. ಐಟಂ ಮಾಸ್ಟರ್‌ನಲ್ಲಿ ಐಟಂ ಟ್ಯಾಕ್ಸ್ ಟೆಂಪ್ಲೇಟ್ ಹಾಕಿ. ಅದೇ ಸಾಲಿನಲ್ಲಿ ಯಾವ ತಾರೀಖಿನಿಂದ ಜಾರಿ ಅನ್ನುವ ಫೀಲ್ಡ್ ಕೂಡ ಇದೆ, ತುಂಬಾ ಜನ ಅದನ್ನು ಗಮನಿಸುವುದೇ ಇಲ್ಲ. 2025ರ ಸೆಪ್ಟೆಂಬರ್ 22ಕ್ಕೆ 12 ಪರ್ಸೆಂಟ್ ಸ್ಲ್ಯಾಬ್ ಹೋಯಿತಲ್ವಾ? ದರವನ್ನು ಮಾಸ್ಟರ್‌ನಲ್ಲಿ ಇಟ್ಟಿದ್ದವರು ಮುಂಚೆಯೇ ತಾರೀಖು ಹಾಕಿ ಹೊಸ ಸಾಲು ಸೇರಿಸಿಟ್ಟರು, ಆ ದಿನ ಬಿಲ್ ಸಲೀಸಾಗಿ ಬಂತು. ಕೋಡ್‌ನಲ್ಲಿ 12 ಅಂತ ಬರೆದಿದ್ದವರು ಫೈಲ್ ಫೈಲ್ ಹುಡುಕಬೇಕಾಯಿತು.

ಎಲ್ಲ ಸಿದ್ಧವಾದ ಮೇಲೆ ಬ್ಯಾಕಪ್ ತೆಗೆದು ಬೇರೆ ಟೆಸ್ಟ್ ಸೈಟ್‌ಗೆ ರಿಸ್ಟೋರ್ ಮಾಡಿ. ರಿಸ್ಟೋರ್ ಮಾಡಿದ ಕೂಡಲೇ ಅಲ್ಲಿ ಹೊತ್ತಿಗೆ ಸರಿಯಾಗಿ ತಾನೇ ಕೆಲಸ ನಡೆಸುವ ಶೆಡ್ಯೂಲರ್ ನಿಲ್ಲಿಸಿ, ಮೇಲ್ ಮ್ಯೂಟ್ ಮಾಡಿ. ಇಲ್ಲದಿದ್ದರೆ ಟೆಸ್ಟ್ ಸೈಟ್‌ನಿಂದ ನಿಜವಾದ ಗಿರಾಕಿಗಳಿಗೇ ಬಾಕಿ ಕೇಳುವ ಮೇಲ್ ಹೋಗುತ್ತದೆ. ಸೈಟ್ ಕಾನ್ಫಿಗ್‌ನಲ್ಲಿರುವ ಎನ್‌ಕ್ರಿಪ್ಶನ್ ಕೀಯನ್ನೂ ನಕಲು ಮಾಡಿಕೊಳ್ಳಿ, ಅದಿಲ್ಲದೆ ಉಳಿಸಿಟ್ಟ ಪಾಸ್‌ವರ್ಡ್‌ಗಳು ತೆರೆಯುವುದಿಲ್ಲ. ಹಳೆಯ ಹತ್ತಿಪ್ಪತ್ತು ಬಿಲ್‌ಗಳನ್ನು ಹೊಸ ಕೋಡ್‌ನಲ್ಲಿ ಮತ್ತೆ ಮಾಡಿ ಮೊತ್ತ ತಾಳೆ ನೋಡಿ. ತಾಳೆಯಾದರೆ ಆಗ ಮೂಲ ಫೈಲ್‌ಗಳನ್ನು ರೀಸೆಟ್ ಮಾಡಿ, ಅಪ್‌ಡೇಟ್ ಕೊಡಿ.

ಪ್ರಶ್ನೆ: ಕೋಲಾರ ಎಪಿಎಂಸಿಯ ಒಂದು ಟೊಮೆಟೊ ಮಂಡಿಗೆ ಸಾಫ್ಟ್‌ವೇರ್ ಹೊಂದಿಸುತ್ತಿದ್ದೇನೆ. 15 ಕಿಲೋ ಬಾಕ್ಸ್ ಲೆಕ್ಕ. ಹರಾಜು ನಡೆಯುವ ವೇಗಕ್ಕೆ ಪರ್ಚೇಸ್ ಇನ್‌ವಾಯ್ಸ್ ಫಾರಂ ತುಂಬೋಕೆ ಆಗ್ತಿಲ್ಲ ಅಂತ ಗುಮಾಸ್ತರು ಮತ್ತೆ ನೋಟ್‌ಬುಕ್ ಹಿಡಿದಿದ್ದಾರೆ. ಕಮಿಷನ್, ಹಮಾಲಿ ಲೆಕ್ಕವನ್ನು ಕ್ಲೈಂಟ್ ಸ್ಕ್ರಿಪ್ಟ್‌ನಲ್ಲಿ ಬರೆದಿದ್ದೇನೆ. ವೇಗ ಹೆಚ್ಚಿಸೋದು ಹೇಗೆ?

ಗುಮಾಸ್ತರು ಮಾಡಿದ್ದು ಸರಿ. ಅವರ ನೋಟ್‌ಬುಕ್ಕನ್ನೇ ನೋಡಿ. ಅದರಲ್ಲಿ ಎಷ್ಟು ಕಾಲಂ ಇವೆ? ರೈತರ ಹೆಸರು, ಬಾಕ್ಸ್, ದರ, ಕೊಂಡವರು. ಅಷ್ಟೇ ಅಲ್ವಾ? ನಿಮ್ಮ ಫಾರಂ ಕೂಡ ಅಷ್ಟೇ ಇರಬೇಕು. ಪರ್ಚೇಸ್ ಇನ್‌ವಾಯ್ಸ್‌ನ ಫೀಲ್ಡ್‌ಗಳನ್ನು ಒಂದೊಂದಾಗಿ ಮರೆಮಾಡುತ್ತಾ ಹೋಗಬೇಡಿ. ಲಾಟ್ ಬರೆಯೋಕೆ ನಿಮ್ಮದೇ ಹೊಸ ಡಾಕ್‌ಟೈಪ್, ಅಂದರೆ ಹೊಸ ಬಗೆಯ ದಾಖಲೆ, ಮಾಡಿ. ಒಂದು ದಿನದ ಹರಾಜಿಗೆ ಒಂದು ದಾಖಲೆ, ಅದರೊಳಗೆ ಒಂದು ಟೇಬಲ್, ನಾಲ್ಕು ಕಾಲಂ. ಮೌಸ್ ಮುಟ್ಟದೆ ಬರೀ ಟ್ಯಾಬ್ ಮತ್ತು ಅಂಕಿ ಕೀಗಳಲ್ಲಿ ಮುಂದೆ ಹೋಗುವಂತೆ ಇರಲಿ. ಹರಾಜು ಮುಗಿದ ಮೇಲೆ ಒಂದು ಬಟನ್ ಒತ್ತಿದರೆ, ಹಿನ್ನೆಲೆಯ ಜಾಬ್ ಆಗಿ ರೈತರ ಪಟ್ಟಿಗಳೂ (ಅವರ ಮಾಲಿನ ಲೆಕ್ಕದ ಚೀಟಿಗಳು) ಕೊಂಡವರ ಬಿಲ್‌ಗಳೂ ತಯಾರಾಗಲಿ.

ಆ ಬಟನ್‌ನಲ್ಲಿ ಒಂದು ಅಪಾಯ ಇದೆ. ನೆಟ್ ನಿಧಾನ ಇದ್ದಾಗ ಜನ ಎರಡು ಸಲ ಒತ್ತುತ್ತಾರೆ. ಹಾಗಾಗಿ ತಯಾರಾದ ಪಟ್ಟಿಯ ಸಂಖ್ಯೆಯನ್ನು ಆಯಾ ಲಾಟ್ ಸಾಲಿನಲ್ಲೇ ಬರೆದಿಡಿ. ಸಂಖ್ಯೆ ಇರುವ ಸಾಲನ್ನು ಜಾಬ್ ಬಿಟ್ಟು ಮುಂದೆ ಹೋಗಲಿ. ನಡುವೆ ಕರೆಂಟ್ ಹೋಗಿ ಅರ್ಧಕ್ಕೆ ನಿಂತರೂ ಮತ್ತೆ ಒತ್ತಿದಾಗ ಉಳಿದದ್ದು ಮಾತ್ರ ಆಗುತ್ತದೆ. ಒಬ್ಬ ರೈತರಿಗೆ ಎರಡು ಸಲ ದುಡ್ಡು ಬರೆದುಹೋಗುವುದಿಲ್ಲ.

ಕಮಿಷನ್ ಲೆಕ್ಕವನ್ನು ಕ್ಲೈಂಟ್ ಸ್ಕ್ರಿಪ್ಟ್‌ನಿಂದ ಹೊರಗೆ ತನ್ನಿ. ಕ್ಲೈಂಟ್ ಸ್ಕ್ರಿಪ್ಟ್ ಓಡುವುದು ಬ್ರೌಸರ್‌ನಲ್ಲಿ ಫಾರಂ ತೆರೆದಾಗ ಮಾತ್ರ. ನಾಳೆ ಎಕ್ಸೆಲ್‌ನಿಂದ ಡೇಟಾ ಇಂಪೋರ್ಟ್ ಮಾಡಿದರೆ, ಮೊಬೈಲ್ ಆ್ಯಪ್‌ನಿಂದ ಎಪಿಐ ಮೂಲಕ ಬಂದರೆ, ಈಗ ಹೇಳಿದ ಹಿನ್ನೆಲೆಯ ಜಾಬ್‌ನಲ್ಲೇ ಆದರೆ, ಅದು ಓಡುವುದೇ ಇಲ್ಲ. ದುಡ್ಡಿನ ನಿಯಮ ಯಾವತ್ತೂ ಸರ್ವರ್ ಕಡೆ, ವ್ಯಾಲಿಡೇಟ್‌ನಲ್ಲಿ ಇರಬೇಕು. ತೆರೆಯ ಮೇಲೆ ಮೊತ್ತ ಆಗಿಂದಾಗ ಕಾಣಲಿ ಅನ್ನೋಕಷ್ಟೇ ಕ್ಲೈಂಟ್ ಸ್ಕ್ರಿಪ್ಟ್. ಕಮಿಷನ್ ದರ, ಹಮಾಲಿ ದರ ಎರಡಕ್ಕೂ ಒಂದು ಸೆಟ್ಟಿಂಗ್ಸ್ ಪುಟ ಮಾಡಿಕೊಡಿ, ಮಾಲೀಕರೇ ಬದಲಿಸಿಕೊಳ್ಳಲಿ.

ಇನ್ನೆರಡು ಮಾತು. ಒಂದೇ ಹೆಸರಿನ ರೈತರು ಒಂದೇ ಊರಿನಲ್ಲೇ ಇರುತ್ತಾರೆ. ಕಸ್ಟಮೈಸ್ ಫಾರಂಗೆ ಹೋಗಿ ಸರ್ಚ್ ಫೀಲ್ಡ್ಸ್‌ನಲ್ಲಿ ಊರು, ತಂದೆ ಹೆಸರು, ಮೊಬೈಲ್ ಸಂಖ್ಯೆ ಸೇರಿಸಿ. ಆಗ ಹೆಸರು ಹುಡುಕುವಾಗ ಕೆಳಗೆ ಅವೂ ಕಾಣುತ್ತವೆ. ಮತ್ತೆ, ಸ್ಟಾಕ್ ಅಳತೆಯನ್ನು ಕಿಲೋದಲ್ಲಿ ಇಡಿ. ಬಾಕ್ಸ್ ಅನ್ನುವುದು 15ರ ಕನ್ವರ್ಷನ್ ಆಗಿರಲಿ. ವ್ಯವಹಾರ ಶುರುವಾದ ಮೇಲೆ ಐಟಂನ ಮೂಲ ಅಳತೆ ಬದಲಿಸಲು ಇಆರ್‌ಪಿನೆಕ್ಸ್ಟ್ ಬಿಡುವುದಿಲ್ಲ. ಬಾಕ್ಸ್‌ನ ತೂಕ ನಾಳೆ ಬೇರೆ ಆದರೂ ಕಿಲೋ ಕಿಲೋನೇ.

ಪ್ರಶ್ನೆ: ಮಧುಗಿರಿಯಲ್ಲಿ ನಮ್ಮದು ಬೀಜ, ಗೊಬ್ಬರದ ಅಂಗಡಿ. ಬಿಲ್ ಕನ್ನಡದಲ್ಲಿ ಕೊಡಬೇಕು ಅಂತ ಆಸೆ. ತೆರೆಯ ಮೇಲೆ ಸರಿಯಾಗಿ ಕಾಣುತ್ತದೆ, ಪಿಡಿಎಫ್ ತೆಗೆದರೆ ಬರೀ ಚೌಕ ಚೌಕ ಡಬ್ಬಿಗಳು. ಗಿರಾಕಿಗಳ ಹಳೇ ಪಟ್ಟಿ ನುಡಿ ತಂತ್ರಾಂಶದಲ್ಲಿದೆ. ಡೆವಲಪರ್ ಇಂಗ್ಲಿಷೇ ಇರಲಿ ಬಿಡಿ ಅಂತಿದ್ದಾರೆ.

ಬಿಡಬೇಡಿ. ದುಡ್ಡು ಕೊಟ್ಟವರು ತಮ್ಮ ಬಿಲ್ ತಾವೇ ಓದಿಕೊಳ್ಳಬೇಕು. ಯಾವ ಬೀಜ, ಎಷ್ಟು, ಏನು ದರ ಅಂತ ಓದಿಸೋಕೆ ಇನ್ನೊಬ್ಬರನ್ನು ಹುಡುಕಿಕೊಂಡು ಹೋಗಬಾರದು. ಇದು ಆಗದ ಕೆಲಸವೇನಲ್ಲ. ನಿಮ್ಮ ಡೆವಲಪರ್‌ಗೆ ಈ ಉತ್ತರ ತೋರಿಸಿ.

ಡಬ್ಬಿ ಬರೋದಕ್ಕೆ ಕಾರಣ ಸರಳ. ತೆರೆಯ ಮೇಲೆ ಅಕ್ಷರ ತೋರಿಸುವುದು ನಿಮ್ಮ ಲ್ಯಾಪ್‌ಟಾಪ್‌ನ ಫಾಂಟ್. ಪಿಡಿಎಫ್ ತಯಾರಾಗುವುದು ಸರ್ವರ್‌ನಲ್ಲಿ. ಅಲ್ಲಿ ಕನ್ನಡ ಫಾಂಟೇ ಇಲ್ಲ. ಸರ್ವರ್‌ಗೆ ನೋಟೋ ಸಾನ್ಸ್ ಕನ್ನಡ ಹಾಕಿಸಿ, ಪ್ರಿಂಟ್ ಫಾರ್ಮ್ಯಾಟ್‌ನ ಸ್ಟೈಲ್‌ನಲ್ಲಿ ಅದರ ಹೆಸರು ಬರೆಯಿರಿ. ಡಾಕರ್‌ನಲ್ಲಿ ನಡೆಸುತ್ತಿದ್ದರೆ ಫಾಂಟ್ ಅನ್ನು ಇಮೇಜ್ ಒಳಗೇ ಸೇರಿಸಬೇಕು. ಓಡುತ್ತಿರುವ ಕಂಟೇನರ್‌ಗೆ ಹಾಕಿದರೆ ಮುಂದಿನ ಅಪ್‌ಡೇಟ್‌ನಲ್ಲಿ ಮಾಯ. ಆಮೇಲೆ ಒತ್ತಕ್ಷರ ಇರುವ ಪದಗಳನ್ನೇ ಹಾಕಿ ಪರೀಕ್ಷಿಸಿ. "ರಾಗಿ" ಎಲ್ಲ ಕಡೆ ಸರಿ ಬರುತ್ತದೆ. "ಹೈಬ್ರಿಡ್ ಮುಸುಕಿನ ಜೋಳ", "ಸೂರ್ಯಕಾಂತಿ" ಸರಿ ಬಂದರೆ ನಂಬಬಹುದು.

ಕೌಂಟರ್‌ನಲ್ಲಿ ಥರ್ಮಲ್ ಪ್ರಿಂಟರ್ ಇದ್ದರೆ, ಅದಕ್ಕೆ ನೇರವಾಗಿ ಅಕ್ಷರ ಕಳಿಸಿದರೆ ಸಾಮಾನ್ಯವಾಗಿ ಕನ್ನಡ ಬರುವುದಿಲ್ಲ. ಬಿಲ್ಲನ್ನು ಚಿತ್ರವಾಗಿ ಮಾಡಿ ಕಳಿಸಬೇಕು. ಸ್ವಲ್ಪ ನಿಧಾನ ಆಗುತ್ತದೆ, ಪರವಾಗಿಲ್ಲ. ಅಕ್ಷರ ದೊಡ್ಡದಿರಲಿ.

ಐಟಂ ಮಾಸ್ಟರ್‌ನಲ್ಲಿ "ಕನ್ನಡ ಹೆಸರು" ಅಂತ ಒಂದು ಕಸ್ಟಮ್ ಫೀಲ್ಡ್ ಮಾಡಿ. ಬಿಲ್ಲಿನ ಸಾಲಿನಲ್ಲೂ ಅದೇ ಫೀಲ್ಡ್ ಮಾಡಿ, ಫೆಚ್ ಫ್ರಮ್ ಮೂಲಕ ಐಟಂನಿಂದ ತರಿಸಿ. ಆಗ ಬಿಲ್ ಮಾಡಿದ ದಿನ ಇದ್ದ ಹೆಸರು ಬಿಲ್ಲಿನಲ್ಲೇ ಉಳಿಯುತ್ತದೆ, ಮುಂದೆ ಮಾಸ್ಟರ್‌ನಲ್ಲಿ ಹೆಸರು ತಿದ್ದಿದರೂ ಹಳೇ ಬಿಲ್ ಬದಲಾಗುವುದಿಲ್ಲ.

ನುಡಿ ಪಟ್ಟಿಗೆ ಸ್ವಲ್ಪ ತಾಳ್ಮೆ ಬೇಕು. ಹಳೇ ನುಡಿಯ ಫೈಲ್‌ನಲ್ಲಿ ನಿಜವಾಗಿ ಇರುವುದು ಕನ್ನಡ ಅಕ್ಷರಗಳಲ್ಲ, ಇಂಗ್ಲಿಷ್ ಸಂಕೇತಗಳು. ಫಾಂಟ್ ಅವನ್ನು ಕನ್ನಡದಂತೆ ತೋರಿಸುತ್ತದೆ ಅಷ್ಟೇ. ಯೂನಿಕೋಡ್‌ಗೆ ಪರಿವರ್ತಿಸುವ ಉಪಕರಣಗಳಿವೆ. ಪರಿವರ್ತಿಸಿದ ಮೇಲೆ ಅರ್ಕಾವತ್ತು ಇರುವ ಹೆಸರುಗಳನ್ನು ಮೊದಲು ನೋಡಿ: ಮೂರ್ತಿ, ಪಾರ್ವತಮ್ಮ, ಧರ್ಮಣ್ಣ. ಹಳೇ ವಿಧಾನದಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ "ರ್" ಮೊದಲು ಬರುತ್ತದೆ. ಉಪಕರಣ ತಪ್ಪುವುದು ಹೆಚ್ಚಾಗಿ ಇಲ್ಲೇ. ಹಳೇ ಕಾಲಂ ಅಳಿಸದೆ ಪಕ್ಕದಲ್ಲೇ ಇಟ್ಟುಕೊಂಡು ಒಂದೊಂದೇ ತಾಳೆ ನೋಡಿ. ಜನರ ಹೆಸರು ತಪ್ಪಬಾರದು.

ಪ್ರಶ್ನೆ: ಗೌರಿಬಿದನೂರಿನ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿಯಲ್ಲಿ ಕೆಲಸ. ಸಬ್ಮಿಟ್ ಆದ ಬಿಲ್‌ನಲ್ಲಿ ಮೊತ್ತ ತಪ್ಪಿದ್ದರೆ ಡೇಟಾಬೇಸ್‌ನಲ್ಲೇ ತಿದ್ದಿಬಿಡು ಅಂತಾರೆ. ಒಂದು ಎಸ್‌ಕ್ಯುಎಲ್ ಸಾಲು ಸಾಕು. ಮಾಡಬಹುದಾ?

ಬೇಡ. ಬಿಲ್ಲಿನ ಒಟ್ಟು ಮೊತ್ತ ಒಂದು ಟೇಬಲ್‌ನಲ್ಲಿ ಬದಲಾಗುತ್ತದೆ. ಜನರಲ್ ಲೆಡ್ಜರ್ ಹಾಗೇ ಇರುತ್ತದೆ. ಗಿರಾಕಿಯ ಬಾಕಿ ಹಾಗೇ ಇರುತ್ತದೆ. ಸೇಲ್ಸ್ ರಿಜಿಸ್ಟರ್ ಒಂದು ಹೇಳುತ್ತದೆ, ಟ್ರಯಲ್ ಬ್ಯಾಲೆನ್ಸ್ ಇನ್ನೊಂದು. ಮಾರ್ಚ್‌ನಲ್ಲಿ ಆಡಿಟರ್ ಮುಂದೆ ಅದನ್ನು ಹುಡುಕುತ್ತಾ ಕೂರುವವರು ನೀವೇ.

ಕಾನೂನೂ ಇದೆ. 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಪ್ರತಿ ಬದಲಾವಣೆಯ ದಾಖಲೆ, ಅಂದರೆ ಆಡಿಟ್ ಟ್ರೇಲ್, ಇರಲೇಬೇಕು. ಅದನ್ನು ನಿಲ್ಲಿಸುವಂತಿರಬಾರದು. ನಿಮ್ಮ ಎಸ್‌ಕ್ಯುಎಲ್ ಸಾಲು ಆ ದಾಖಲೆಯನ್ನು ದಾಟಿ ಹೋಗುತ್ತದೆ. ಬಿಲ್ ಕ್ಯಾನ್ಸಲ್ ಮಾಡಿ ಅಮೆಂಡ್ ಮಾಡಿ. ಇ-ಇನ್‌ವಾಯ್ಸ್ ಆಗಿದ್ದರೆ ಪೋರ್ಟಲ್‌ನಲ್ಲಿ ಕ್ಯಾನ್ಸಲ್ ಮಾಡೋಕೆ 24 ಗಂಟೆ ಮಾತ್ರ. ಅದು ದಾಟಿದರೆ ಕ್ರೆಡಿಟ್ ನೋಟ್. ವಾಹನ ಸಂಖ್ಯೆ, ಷರಾ ಇಂಥ ದುಡ್ಡಿಗೆ ಸಂಬಂಧ ಇಲ್ಲದ ನಿಮ್ಮ ಕಸ್ಟಮ್ ಫೀಲ್ಡ್‌ಗಳಿಗೆ "ಅಲೋ ಆನ್ ಸಬ್ಮಿಟ್" ಕೊಟ್ಟರೆ ಸಬ್ಮಿಟ್ ಆದ ಮೇಲೂ ತಿದ್ದಬಹುದು.

ಇದನ್ನು ಮಾಲೀಕರಿಗೆ ಹೇಳೋಕೆ ಕಷ್ಟ ಅಂತ ಗೊತ್ತು. ಅವರ ಆಡಿಟರ್ ಬಾಯಿಂದ ಹೇಳಿಸಿ.

ಪ್ರಶ್ನೆ: ಶಿಡ್ಲಘಟ್ಟದಲ್ಲಿ ನಮ್ಮದು ರೇಷ್ಮೆ ನೂಲು ಬಿಚ್ಚಾಣಿಕೆ ಘಟಕ. ಟ್ಯಾಲಿಯಲ್ಲಿ ಗೂಡಿನ ಲಾಟ್ ಸಂಖ್ಯೆ, ರೆಂಡಿಟ್ಟಾ (ಒಂದು ಕಿಲೋ ರೇಷ್ಮೆಗೆ ಎಷ್ಟು ಕಿಲೋ ಗೂಡು ಅನ್ನುವ ಲೆಕ್ಕ) ಬರೆಯೋಕೆ ಟ್ಯಾಲಿಯದೇ ಪ್ರೋಗ್ರಾಮಿಂಗ್ ಭಾಷೆಯಾದ ಟಿಡಿಎಲ್‌ನಲ್ಲಿ ಪ್ರೋಗ್ರಾಂ ಮಾಡಿಸಿದ್ದೆವು. ಮಾಡಿದವರು ಟಿಸಿಪಿ ಫೈಲ್ ಮಾತ್ರ ಕೊಟ್ಟಿದ್ದಾರೆ, ಈಗ ಫೋನ್ ಎತ್ತುತ್ತಿಲ್ಲ. ಹೊಸ ಟ್ಯಾಲಿಪ್ರೈಮ್‌ಗೆ ಹೋದರೆ ಡೇಟಾ ಹೋಗುತ್ತದಾ?

ಡೇಟಾ ಹೋಗುವುದಿಲ್ಲ, ಧೈರ್ಯವಾಗಿರಿ. ಟಿಡಿಎಲ್‌ನಲ್ಲಿ ನೀವೇ ಸೇರಿಸಿಕೊಂಡ ಫೀಲ್ಡ್‌ಗಳ (ಯುಡಿಎಫ್) ವಿವರ ನಿಮ್ಮ ಕಂಪನಿ ಡೇಟಾದಲ್ಲೇ ಉಳಿದಿರುತ್ತದೆ. ಟಿಸಿಪಿ ಲೋಡ್ ಆಗದಿದ್ದರೆ ಅದು ಕಾಣುವುದಿಲ್ಲ, ಅಷ್ಟೇ. ಆದರೆ ಟಿಸಿಪಿ ಕಂಪೈಲ್ ಆದ ಫೈಲ್. ಅದನ್ನು ತೆರೆದು ತಿದ್ದೋಕೆ ಆಗುವುದಿಲ್ಲ.

ಈಗಲೇ, ಅದು ನಡೆಯುತ್ತಿರುವಾಗಲೇ, ಲಾಟ್ ವಿವರ ಇರುವ ರಿಪೋರ್ಟ್‌ಗಳನ್ನು ಎಕ್ಸೆಲ್‌ಗೆ ಎಕ್ಸ್‌ಪೋರ್ಟ್ ಮಾಡಿ ಇಟ್ಟುಕೊಳ್ಳಿ. ಆಮೇಲೆ ಕಂಪನಿ ಫೋಲ್ಡರ್‌ನ ನಕಲಿನ ಮೇಲೆ ಹೊಸ ಆವೃತ್ತಿ ಪ್ರಯತ್ನಿಸಿ. ಹೊಸ ಡೆವಲಪರ್ ಬಂದರೆ ಮೊದಲ ಕೆಲಸ, ಹಳೇ ಯುಡಿಎಫ್‌ಗಳ ಹೆಸರು, ಬಗೆ, ಸಂಖ್ಯೆ ಪತ್ತೆ ಮಾಡುವುದು. ಅದೇ ಬಗೆಯ, ಅದೇ ಸಂಖ್ಯೆಯ ಯುಡಿಎಫ್ ಅನ್ನು ಬೇರೆ ಕೆಲಸಕ್ಕೆ ಬಳಸಿದರೆ ಹಳೇ ಲಾಟ್ ಸಂಖ್ಯೆಗಳು ಹೊಸ ಫೀಲ್ಡ್‌ನಲ್ಲಿ ಬಂದು ಕೂರುತ್ತವೆ. ಹೊಸದರಲ್ಲಿ ರೆಂಡಿಟ್ಟಾ ಬರೆದಿಡೋದೇ ಬೇಡ. ಕೊಂಡ ಗೂಡಿನ ತೂಕ, ಬಂದ ರೇಷ್ಮೆಯ ತೂಕ ಎರಡಿದ್ದರೆ ರಿಪೋರ್ಟ್ ತಾನೇ ಭಾಗಿಸಿ ತೋರಿಸುತ್ತದೆ. ಕೈಯಲ್ಲಿ ಬರೆದ ರೆಂಡಿಟ್ಟಾ, ತೂಕ ತಿದ್ದಿದಾಗ ತಾನಾಗಿ ಬದಲಾಗುವುದಿಲ್ಲ.

ಈ ಸಲ ಅಡ್ವಾನ್ಸ್ ಕೊಡುವ ಮುಂಚೆಯೇ ಸೋರ್ಸ್ ಫೈಲ್ ಕೊಡಬೇಕು ಅಂತ ಬರೆಸಿಕೊಳ್ಳಿ. ದುಡ್ಡು ಕೊಟ್ಟು ಮಾಡಿಸಿದ್ದು ನೀವು. ಈ ಅಂಕಣ ಓದುವ ಡೆವಲಪರ್‌ಗಳಿಗೂ ಹೇಳುತ್ತೇನೆ, ದಯವಿಟ್ಟು ಸೋರ್ಸ್ ಕೊಡಿ. ಗಿರಾಕಿ ನಮ್ಮ ಹತ್ತಿರ ಮತ್ತೆ ಬರಬೇಕಾದ್ದು ಕೆಲಸ ಚೆನ್ನಾಗಿದೆ ಅಂತ, ಬೇರೆ ದಾರಿ ಇಲ್ಲ ಅಂತ ಅಲ್ಲ.

ಪ್ರಶ್ನೆ: ಮಾಲೂರಿನಿಂದ. ಇಆರ್‌ಪಿನೆಕ್ಸ್ಟ್‌ನಲ್ಲಿ ಮೊದಲೇ ಇರುವ ಬಿಲ್ ನಂಬರನ್ನೇ ಬಳಸಬಹುದಾ?

ಜಿಎಸ್‌ಟಿ ನಿಯಮದಂತೆ ಬಿಲ್ ನಂಬರ್ 16 ಅಕ್ಷರ ಮೀರಬಾರದು. ಮೊದಲೇ ಇರುವ ಸರಣಿಯಲ್ಲಿ ಅಡ್ಡಗೆರೆ, ಇಸವಿ ಎಲ್ಲ ಸೇರಿ 19 ಆಗುತ್ತದೆ. ಎರಡು ಅಕ್ಷರ, ಓರೆಗೆರೆ, 25-26, ಓರೆಗೆರೆ, ಐದು ಅಂಕಿ. ಹೀಗೆ ಇಟ್ಟರೆ 14. ಇಸವಿಯ ಕೋಡ್ ಹಾಕಿದರೆ ಜನವರಿ 1ಕ್ಕೆ ಬದಲಾಗುತ್ತದೆ, ನಮಗೆ ಬೇಕಾದ್ದು ಏಪ್ರಿಲ್ 1ಕ್ಕೆ. ಹಾಗಾಗಿ ಪ್ರತಿ ವರ್ಷ ಮಾರ್ಚ್ ಕೊನೆಯಲ್ಲಿ ಹೊಸ ಸರಣಿ ಸೇರಿಸಿ. ಕೊನೆಯ ಐದು ಅಂಕಿಗಿಂತ ಮುಂಚಿನ ಭಾಗ ಬದಲಾದರೆ ಎಣಿಕೆ ತಾನೇ 1ರಿಂದ ಶುರುವಾಗುತ್ತದೆ.

ಪ್ರಶ್ನೆ: ತುಮಕೂರಿನಲ್ಲಿ ಬಿಇ ಕೊನೆಯ ವರ್ಷ. ಈ ಕೆಲಸಕ್ಕೆ ಬರಬೇಕು ಅಂದರೆ ಏನು ಕಲಿಯಲಿ?

ಪೈಥಾನ್, ಎಸ್‌ಕ್ಯುಎಲ್, ಸ್ವಲ್ಪ ಜಾವಾಸ್ಕ್ರಿಪ್ಟ್, ಗಿಟ್. ಇವು ನಿಮಗೆ ಕಾಲೇಜಿನಲ್ಲೇ ಅರ್ಧ ಬಂದಿರುತ್ತವೆ. ಬಾರದೇ ಇರುವುದು ಡೆಬಿಟ್, ಕ್ರೆಡಿಟ್. ಪರಿಚಯದ ಯಾವುದಾದರೂ ಅಂಗಡಿಯ ಲೆಕ್ಕ ಬರೆಯುವವರ ಹತ್ತಿರ ತಿಂಗಳ ಕೊನೆಯಲ್ಲಿ ಹೋಗಿ ಕೂತುಕೊಳ್ಳಿ. ಬ್ಯಾಂಕ್ ಲೆಕ್ಕ ತಾಳೆ ಮಾಡುವುದು, ಜಿಎಸ್‌ಟಿ ರಿಟರ್ನ್ ತುಂಬುವುದು ನೋಡಿ. ಸುಮ್ನೆ ನೋಡಬೇಡಿ, ಅವರು ಯಾವ ಕೆಲಸವನ್ನು ಎರಡೆರಡು ಸಲ ಮಾಡುತ್ತಾರೆ ಅಂತ ಬರೆದುಕೊಳ್ಳಿ. ಆಮೇಲೆ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಇಆರ್‌ಪಿನೆಕ್ಸ್ಟ್ ಹಾಕಿಕೊಳ್ಳಿ. ಅದು ಓಪನ್ ಸೋರ್ಸ್, ಲೈಸೆನ್ಸ್‌ಗೆ ದುಡ್ಡಿಲ್ಲ. ಬರೆದುಕೊಂಡಿದ್ದರಲ್ಲಿ ಒಂದನ್ನು ಆರಿಸಿ, ನಿಮ್ಮದೇ ಆ್ಯಪ್‌ನಲ್ಲಿ ಮಾಡಿ ನೋಡಿ. ಮಾಡಿದ್ದನ್ನು ಅವರಿಗೇ ತೋರಿಸಿ. ಎಲ್ಲಿ ಸಿಕ್ಕಿಹಾಕಿಕೊಂಡಿರಿ ಅಂತ ನನಗೆ ಬರೆಯುವಾಗ ಆವೃತ್ತಿಯ ಸಂಖ್ಯೆ ಮತ್ತು ಪೂರ್ತಿ ಎರರ್ ಕಳಿಸಿ. ಕೊನೆಯ ಸಾಲು ಮಾತ್ರ ಸಾಲುವುದಿಲ್ಲ.